ದೀಪ ನಮ್ಮದೇ ಅಂದಿದ್ದೆ

2014ರ ಫೆಬ್ರುವರಿಯಲ್ಲಿ ನಾದಿನಿಯ ಮಗಳ ಮದುವೆಗೆ ಹೋಗಿ, ಎರಡು ರಾತ್ರಿ ಅಲ್ಲೇ ಇದ್ದು ಬಂದಾಗ ನಮ್ಮ ಹಿತ್ತಿಲ ಬಾಗಿಲು ಹಾರು ಹೊಡೆದಿತ್ತು. ಚಿಲಕದ ಕೊಂಡಿ ಕಿತ್ತು ನೇತಾಡ್ತಿತ್ತು. ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ ರಾಶಿ. ದೇವರ ಮನೆಯಲ್ಲಿ ಎಣ್ಣೆ ಚೆಲ್ಲಿತ್ತು. 18 ಗ್ರಾಮಿನ ಸರ, 11 ಸಾವಿರ ರೂಪಾಯಿ, ಒಂದು ಜೊತೆ ಬೆಳ್ಳಿ ದೀಪ, ಕುಂಕುಮದ ಭರಣಿ ಹೋಗಿದ್ದವು. ದೀಪ ನಮ್ಮಮ್ಮ ನನ್ನ ಮದುವೆಗೆ ಕೊಟ್ಟಿದ್ದು. ಸರ ಹೋಗಿದ್ದಕ್ಕಿಂತ ಅದಕ್ಕೇ ಹೆಚ್ಚು ಅತ್ತೆ.

ಪೊಲೀಸರು ಬಂದರು. ಬೆರಳಚ್ಚಿನವರು ಬಂದು ಬೀರುವಿನ ಮೇಲೆ ಕಪ್ಪು ಪುಡಿ ಬಳಿದರು. ಆ ಪುಡಿ ಒರೆಸಿ ಒರೆಸಿ ಸಾಕಾಗಿ, ಕಡೆಗೆ ಬೀರುವಿಗೆ ಬಣ್ಣವನ್ನೇ ಹೊಡೆಸಿದೆವು. ಈ ಪುಡಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹತ್ತು ತಿಂಗಳಾದ ಮೇಲೆ, ಡಿಸೆಂಬರಿನಲ್ಲಿ, ಠಾಣೆಯಿಂದ ಫೋನು. ಒಬ್ಬ ಹುಡುಗ ಸಿಕ್ಕಿದ್ದಾನೆ, ಟೈಲ್ಸ್ ಕೆಲಸದವನು, ನಿಮ್ಮ ಹಿಂದಿನ ಬೀದಿಯ ಮನೆಗೆ ಕೆಲಸಕ್ಕೆ ಬಂದಿದ್ದನಂತೆ, ಒಪ್ಪಿಕೊಂಡಿದ್ದಾನೆ, ಬಂದು ನೋಡಿ ಅಂದರು. ಹೋದೆವು. ಮೇಜಿನ ಮೇಲೆ ಒಂದೇ ಒಂದು ಬೆಳ್ಳಿ ದೀಪ ಇಟ್ಟಿದ್ದರು. ಗಿರವಿ ಅಂಗಡಿಯಿಂದ ತಂದದ್ದಂತೆ. ಉಳಿದದ್ದೇನೂ ಸಿಗಲಿಲ್ಲ. "ನಿಮ್ಮದೇ ಅಲ್ವಾಮ್ಮ?" ಅಂದರು. ನಾನು ದೀಪ ಕೈಗೆತ್ತಿಕೊಂಡು "ನಮ್ಮದೇ" ಅಂದೆ. ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅದು ನಮ್ಮದೇ ಆಗಿತ್ತು. ಅಮ್ಮನ ದೀಪ ವಾಪಸ್ ಬಂತು ಅಂತ ಕಣ್ಣಲ್ಲಿ ನೀರು ಬಂತು.

ಕೇಸು ನಮ್ಮ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲಿ ನಡೆಯಿತು. ದೀಪವನ್ನು ಬಾಂಡು ಬರೆಸಿಕೊಂಡು ನಮಗೆ ಕೊಟ್ಟಿದ್ದರು, ಸಾಕ್ಷಿ ದಿನ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋದೆ. ಕೋರ್ಟಿನ ಭಾಷೆಯಲ್ಲಿ ಅದು ಮುದ್ದೆಮಾಲು. ಸರ್ಕಾರಿ ವಕೀಲರು ಕೇಳಿದರು, "ಈ ದೀಪ ಯಾರದು?" "ನಮ್ಮದು." ಹುಡುಗನ ಕಡೆಯ ವಕೀಲರು ಎದ್ದು ನಿಂತು, ಆರೋಪಿಯನ್ನು ಸಿಕ್ಕಿಸೋದಕ್ಕೆ ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ಹೇಳ್ತಿದ್ದೀರಿ ಅಂದರೆ ಸರಿಯೇ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. "ಸರಿಯಲ್ಲ" ಅಂದೆ. ಅಷ್ಟೇ ಪಾಟಿ ಸವಾಲು. ಇಳಿದು ಬಂದೆ. ಹುಡುಗ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಅವನ ಮುಖ ಸರಿಯಾಗಿ ನೋಡಲೂ ಇಲ್ಲ.

2017ರ ಆಗಸ್ಟಿನಲ್ಲಿ ಎರಡು ವರ್ಷ ಸಜೆ ಆಯಿತು. ರಾತ್ರಿ ವೇಳೆ ಕನ್ನ ಹಾಕಿದ್ದಕ್ಕೆ ಐಪಿಸಿ 457, ಮನೆಯೊಳಗಿನ ಕಳವಿಗೆ 380. ಆ ದಿನ ನಮ್ಮವರು ಬರುವಾಗ ಅರ್ಧ ಕೆಜಿ ಮೈಸೂರು ಪಾಕ್ ತಂದಿದ್ದರು. ತಿಂದೆವು. ಬರೆಯೋಕೆ ಈಗ ಮುಜುಗರ, ಆದರೆ ತಿಂದದ್ದು ನಿಜ.

ಹದಿನೆಂಟನೇ ದಿನ ಅವನ ತಾಯಿ ಬಂದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುವವಳು. ಎಷ್ಟೋ ಸಲ ಅವಳ ಹತ್ತಿರವೇ ದಂಟಿನ ಸೊಪ್ಪು ತಗೊಂಡಿದ್ದೇನೆ, ಇವಳೇ ಆ ಹುಡುಗನ ತಾಯಿ ಅಂತ ಗೊತ್ತಿರಲಿಲ್ಲ. ಗೇಟಿನ ಹೊರಗೇ ನಿಂತು, "ಅಮ್ಮಾ, ಕೇಸು ವಾಪಸ್ ತಗೊಂಡ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದಳು. ಒಳಗಿನಿಂದ ನಮ್ಮವರು, "ಯಾರದು? ಕಳಿಸು ಆಚೆ" ಅಂದರು. ನನಗೂ ಸಿಟ್ಟೇ ಬಂತು. ಶಿಕ್ಷೆಯಾದ ಮೇಲೆ ವಾಪಸ್ ತಗೊಳ್ಳೋದು ಅಂದರೇನು ಅಂತಲೂ ಗೊತ್ತಿರಲಿಲ್ಲ. ಅವಳು ಸೆರಗಿನ ಗಂಟಿನಿಂದ ಮಡಚಿದ ಕಾಗದಗಳನ್ನು ತೆಗೆದು, "ಇದನ್ನಾದ್ರೂ ಓದಿ ಹೇಳಿ, ಇದರಲ್ಲಿ ಏನಿದೆ ಅಂತ ಯಾರೂ ನನಗೆ ಹೇಳ್ಲಿಲ್ಲ" ಅಂದಳು. ಹುಡುಗನ ತೀರ್ಪಿನ ಜೆರಾಕ್ಸು. ಹದಿನಾಲ್ಕು ಪುಟ.

ಓದಿ ಹೇಳಿ ಅಂದವರನ್ನು ಗೇಟಿನಿಂದ ಕಳಿಸೋದು ನನ್ನ ಕೈಲಾಗಲಿಲ್ಲ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವಳು ನಾನು. ಜಗಲಿಯ ಮೇಲೆ ಕೂರಿಸಿ ಓದಿದೆ.

ಅದರಲ್ಲಿ ನಾನು ಪಿ.ಡಬ್ಲ್ಯು. 1. ನನ್ನ ಮಾತು ಮೂರು ಸಾಲು. ದೀಪ ನಮ್ಮದೆಂದು ಗುರುತಿಸಿದ್ದಾರೆ, ಪಾಟಿ ಸವಾಲಿನಲ್ಲಿ ಅಲ್ಲಗಳೆಯುವಂಥದ್ದೇನೂ ಬಂದಿಲ್ಲ. ಓದುತ್ತಾ ಓದುತ್ತಾ, ಎರಡು ವರ್ಷದ ಸಜೆಗೆ ಬುಡ ನನ್ನ ಮೂರು ಸಾಲೇ ಅನ್ನೋದು ಗೊತ್ತಾಯಿತು. ದೀಪ ವಶಪಡಿಸಿಕೊಂಡ ಮಹಜರಿಗೆ ಸಹಿ ಹಾಕಿದ ಪಂಚರಲ್ಲಿ ಒಬ್ಬ, ತಾನು ಸಹಿ ಹಾಕಿದ್ದು ಠಾಣೆಯಲ್ಲಿ, ಯಾವ ಅಂಗಡಿಗೂ ಹೋಗಿಲ್ಲ ಅಂದಿದ್ದ. ಇನ್ನೊಬ್ಬನನ್ನು ಕರೆಸಿಯೇ ಇಲ್ಲ. ಗಿರವಿ ಅಂಗಡಿಯವನ ಹೆಸರಿದೆ, ಅವನ ಸಾಕ್ಷಿ ಇಲ್ಲ. ಬೀರುವಿನ ಕಪ್ಪು ಪುಡಿ? ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ತಮಾಷೆ ನೋಡಿ. ಶಿಕ್ಷೆಯಾಗಿದ್ದು ರಾತ್ರಿ ಕನ್ನ ಹಾಕಿದ್ದಕ್ಕೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಒಳಗೆ ನುಗ್ಗಿದ್ದರೆ ಮಾತ್ರ ಆ ಕಲಮು. ನಾವು ಎರಡು ದಿನ ಊರಲ್ಲೇ ಇರಲಿಲ್ಲ. ಕಳ್ಳ ಮಧ್ಯಾಹ್ನ ಬಂದನೋ ಮಧ್ಯರಾತ್ರಿ ಬಂದನೋ ಯಾರಿಗೆ ಗೊತ್ತು? ಹಗಲು ಯಾರು ಕನ್ನ ಹಾಕ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು, ಅಷ್ಟೇ.

ಅಂದು ಸಂಜೆ ಭಾವನಿಗೆ, ಅಂದರೆ ಅಕ್ಕನ ಯಜಮಾನರಿಗೆ, ಫೋನು ಮಾಡಿದೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೊದಲು ಕೇಳಿದ್ದು, "ತೀರ್ಪಾಗಿ ಎಷ್ಟು ದಿನ ಆಯ್ತು?"

"ಹದಿನೆಂಟು."

"ಹಾಗಾದ್ರೆ ಇನ್ನು ಹನ್ನೆರಡು ದಿನ ಇದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕೋಕೆ ಮೂವತ್ತು ದಿನ. ತೀರ್ಪಿನ ನಕಲು ಸಿಗೋಕೆ ಹಿಡಿದ ದಿನ ಲೆಕ್ಕಕ್ಕಿಲ್ಲ. ತಡ ಆದ್ರೂ ಕಾರಣ ಹೇಳಿ ಮನ್ನಾ ಮಾಡಿ ಅಂತ ಕೇಳಬಹುದು, ಆದ್ರೆ ಕೇಳೋ ಹಾಗೆ ಮಾಡ್ಕೋಬಾರ್ದು."

"ಭಾವ, ನಾನು ಕೇಸು ವಾಪಸ್ ತಗೊಳ್ಳೋಕಾಗತ್ತಾ?"

"ಅದು ನಿನ್ನ ಕೇಸಲ್ಲಮ್ಮ, ಸರ್ಕಾರದ ಕೇಸು. ನೀನು ಬರೀ ಸಾಕ್ಷಿ. ಅವಳಿಗೆ ಬೇಕಾಗಿರೋದು ನಿನ್ನ ದಯೆ ಅಲ್ಲ, ಒಬ್ಬ ವಕೀಲ."

ವಕೀಲರಿಗೆ ದುಡ್ಡು ಎಲ್ಲಿಂದ ಅಂದೆ. ಜೈಲಿನಲ್ಲಿರುವವರು ಯಾರೇ ಆಗಲಿ, ವರಮಾನ ಎಷ್ಟೇ ಇರಲಿ, ಅವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿದೆಯಂತೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೂ ಹಾಗೇ. ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಕೂಡಲೇ, ಪುಕ್ಕಟೆ ಕೊಡಬೇಕು. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನೇ ಗಟ್ಟಿಯಾಗಿ ಹೇಳಿತ್ತು. ನಕಲು ಕೈಗೆ ಸಿಗದೆ, ವಕೀಲರಿಲ್ಲದೆ ಇದ್ದರೆ ಅಪೀಲಿನ ಹಕ್ಕು ಇದ್ದೂ ಇಲ್ಲದ ಹಾಗೆ ಅನ್ನೋದು ಅದರ ತಾತ್ಪರ್ಯ. ಅಷ್ಟೇ ಅಲ್ಲ, ಕೈದಿ ಜೈಲಿನಲ್ಲೇ ಅರ್ಜಿ ಬರೆದು ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅವರು ಅದನ್ನು ಕೋರ್ಟಿಗೆ ಕಳಿಸಲೇಬೇಕು.

ಇಲ್ಲಿಗೆ ಬಂದ ಮೇಲೆ ಭಾವ ಸುಮ್ಮನಿರುವವರಲ್ಲ. "ಪೆನ್ಸಿಲ್ ಅರ್ಜಿ ಕಥೆ ಗೊತ್ತಾ ನಿಂಗೆ?" ಅಂತ ಶುರು ಮಾಡಿದರು. ಅಮೆರಿಕದ ಫ್ಲಾರಿಡಾದಲ್ಲಿ ನಡೆದದ್ದು. ಕ್ಲಾರೆನ್ಸ್ ಅರ್ಲ್ ಗಿಡಿಯನ್ ಅಂತ ಒಬ್ಬ ಬಡವ, ಹಿಂದೆ ಜೈಲಿಗೆ ಹೋಗಿ ಬಂದಿದ್ದವನು. 1961ರ ಜೂನಿನಲ್ಲಿ ಪನಾಮ ಸಿಟಿ ಅನ್ನುವ ಊರಿನ ಬಿಲಿಯರ್ಡ್ಸ್ ಆಡುವ ಅಂಗಡಿಗೆ ನುಗ್ಗಿ ಮಷೀನಿನೊಳಗಿನ ಚಿಲ್ಲರೆ ಕಾಸು ಕದ್ದ ಅಂತ ಅವನನ್ನು ಹಿಡಿದರು. ನನಗೊಬ್ಬ ವಕೀಲನನ್ನು ಕೊಡಿ ಅಂತ ಕೋರ್ಟಿನಲ್ಲಿ ಕೇಳಿದ. ಮರಣದಂಡನೆ ಆಗಬಹುದಾದ ಕೇಸಿಗೆ ಮಾತ್ರ ಕೊಡೋದು ಅಂದರು ಜಡ್ಜು. ತನ್ನ ಕೇಸು ತಾನೇ ನಡೆಸಿದ, ಐದು ವರ್ಷ ಶಿಕ್ಷೆಯಾಯಿತು. ಜೈಲಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಅಲ್ಲಿನ ಸುಪ್ರೀಂ ಕೋರ್ಟಿಗೆ ಕಳಿಸಿದ. 1963ರ ಮಾರ್ಚಿನಲ್ಲಿ ಆ ಕೋರ್ಟು, ದುಡ್ಡಿಲ್ಲದವನಿಗೆ ವಕೀಲನನ್ನು ಕೊಡದೆ ಇಂಥ ಶಿಕ್ಷೆ ಕೊಟ್ಟದ್ದು ತಪ್ಪು ಅಂತ ಒಮ್ಮತದಿಂದ ಹೇಳಿತು.

ಇಷ್ಟು ಕಥೆ ಎಷ್ಟೋ ಜನಕ್ಕೆ ಗೊತ್ತಿರಬಹುದು. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನದು. ಆಗಸ್ಟಿನಲ್ಲಿ ಮತ್ತೆ ವಿಚಾರಣೆ ನಡೆಯಿತು. ಅದೇ ಊರು, ಅದೇ ಜಡ್ಜು, ಹೆಚ್ಚುಕಡಿಮೆ ಅದೇ ಸಾಕ್ಷಿಗಳು. ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಗಿಡಿಯನ್ ಅವತ್ತು ಬೆಳಗ್ಗೆ ಹತ್ತಿದ ಟ್ಯಾಕ್ಸಿಯ ಡ್ರೈವರು, 'ನನ್ನನ್ನು ಹತ್ತಿಸಿಕೊಂಡೆ ಅಂತ ಯಾರಿಗೂ ಹೇಳಬೇಡ ಅಂದ' ಅಂತ ಸಾಕ್ಷಿ ಹೇಳಿದ್ದ. ಇದಕ್ಕಿಂತ ಏನು ಬೇಕು ಕಳ್ಳ ಅನ್ನೋಕೆ? ವಕೀಲರು ಇನ್ನೊಂದು ಪ್ರಶ್ನೆ ಕೇಳಿದರು: ಈ ಮಾತು ಅವನು ಮೊದಲೂ ನಿನಗೆ ಹೇಳಿದ್ದುಂಟಾ? ಹೌದು, ಯಾವಾಗಲೂ ಹೇಳ್ತಿದ್ದ ಅಂದ ಡ್ರೈವರು. ಯಾಕೆ? ಹೆಂಡತಿ ಜೊತೆ ಏನೋ ತಾಪತ್ರಯ ಅಂತ. ಮುಗಿಯಿತಲ್ಲ! ಜ್ಯೂರಿಯವರು ಸುಮಾರು ಒಂದು ಗಂಟೆ ಕೂತು ಮಾತಾಡಿ, ತಪ್ಪಿತಸ್ಥ ಅಲ್ಲ ಅಂತ ಬಿಟ್ಟರು.

ಫೋನು ಇಟ್ಟ ಮೇಲೆ ನಿದ್ದೆ ಬರಲಿಲ್ಲ. ನನಗೂ ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದ್ದರೆ? 'ಇಂಥ ದೀಪ ಊರಲ್ಲಿ ನೂರು ಮನೆಯಲ್ಲಿ ಇರುತ್ತಲ್ಲಮ್ಮ, ನಿಮ್ಮದೇ ಅಂತ ಹೇಗೆ ಗೊತ್ತಾಯ್ತು? ಗುರುತು ಏನಾದ್ರೂ ಇತ್ತಾ?' ಅಂದಿದ್ದರೆ ಏನು ಹೇಳ್ತಿದ್ದೆ? ಹೆಸರು ಕೊರೆಸಿರಲಿಲ್ಲ. ತೂಕ ಗೊತ್ತಿರಲಿಲ್ಲ. ದೂರಿನಲ್ಲಿ 'ಒಂದು ಜೊತೆ ಬೆಳ್ಳಿ ದೀಪ' ಅಂತ ಬರೆಸಿದ್ದೆ, ಅಷ್ಟೇ. ಎದ್ದು ಮದುವೆ ಆಲ್ಬಮ್ಮು ತೆಗೆದೆ. ಧಾರೆಯ ಫೋಟೋದಲ್ಲಿ ದೀಪ ಇದೆ. ಅರ್ಧ ತೆಂಗಿನಕಾಯಿಯ ಹಿಂದೆ. ಮೇಲಿನ ಹಂಸ ಕಾಣುತ್ತೆ, ಕೆಳಗಿನ ಪೀಠ ಕಾಣಲ್ಲ. ಭೂತಗನ್ನಡಿ ಹಿಡಿದರೂ ಕಾಣಲ್ಲ.

ಬೆಳಗ್ಗೆ ಮತ್ತೆ ಭಾವನಿಗೆ ಫೋನು. "ನಾನೇ ಹೋಗಿ ಜಡ್ಜಿಗೆ ಹೇಳ್ಲಾ? ಖಂಡಿತ ನಮ್ಮದೇ ಅಂತ ಹೇಳೋಕಾಗಲ್ಲ ಅಂತ?"

"ಅಪೀಲಿನಲ್ಲಿ ಕಟಕಟೆ ಖಾಲಿ ಇರತ್ತೆ ಕಣಮ್ಮ. ಸಾಕ್ಷಿಗಳನ್ನ ಮತ್ತೆ ಕರೆಯೋದು ತೀರಾ ಅಪರೂಪ. ಕೆಳಗಿನ ಕೋರ್ಟಿನ ಕಡತ ತರಿಸಿ, ಅದರಲ್ಲಿ ಬರೆದದ್ದನ್ನೇ ಇನ್ನೊಂದು ಸಲ ಓದ್ತಾರೆ. ನೀನು ಏನು ಹೇಳಿದ್ದೀಯೋ ಅದೂ ಅಲ್ಲಿದೆ, ಏನು ಹೇಳಿಲ್ಲವೋ ಅದೂ ಅಲ್ಲಿದೆ. ನೀನು ಸುಮ್ನಿರು. ಆ ತಾಯಿಗೆ ದಾರಿ ತೋರ್ಸು, ಸಾಕು."

ದಾರಿ ತೋರಿಸೋದು ಅಂದರೆ ಅವಳ ಜೊತೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತೋದು. ನಮ್ಮವರು ಎರಡು ದಿನ ಮಾತು ಬಿಟ್ಟರು. "ಮನೆಗೆ ನುಗ್ಗಿದವನಿಗೆ ನೀನೇ ವಕೀಲೆ ಆಗು" ಅಂದರು. ಎದುರು ಮನೆಯವರು, "ಮೇಷ್ಟರಮ್ಮ ಕಳ್ಳರಿಗೂ ಟ್ಯೂಷನ್ ಶುರು ಮಾಡಿದ್ದಾರೆ" ಅಂದರಂತೆ. ಹೇಳಿಕೊಳ್ಳಲಿ.

ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ. ಒಂದು ಅರ್ಜಿ, ಅವಳ ಹೆಬ್ಬೆಟ್ಟು. ಮೂರು ದಿನದಲ್ಲಿ ವಕೀಲರನ್ನು ಗೊತ್ತು ಮಾಡಿದರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ತೀರ್ಪು ಓದುತ್ತಾ ಓದುತ್ತಾ ತಲೆಯೆತ್ತಿ, "ಪಿ.ಡಬ್ಲ್ಯು. 1 ನೀವೇ ಅಲ್ವಾ ಮೇಡಂ? ನೀವ್ಯಾಕೆ ಬಂದ್ರಿ?" ಅಂದಳು.

"ಒಂದೇ ಬಸ್ಸಿತ್ತು, ಜೊತೆಗೆ ಬಂದೆ" ಅಂದೆ.

ಅವಳು ನಕ್ಕಳು. ನಕ್ಕು, ಕೇಸಿನ ವಿಷಯ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂರಿಸಿದಳು. ಆಗ ಬೇಜಾರಾಯಿತು. ಈಗ ಅನ್ನಿಸುತ್ತೆ, ಸಾಕ್ಷಿಯ ಜೊತೆ ಆರೋಪಿಯ ವಕೀಲರು ಅಷ್ಟು ದೂರ ಇಟ್ಟುಕೊಂಡದ್ದೇ ಸರಿ.

ಅಪೀಲು ಇಪ್ಪತ್ತೇಳನೇ ದಿನಕ್ಕೆ ದಾಖಲಾಯಿತು. ಅದರ ಜೊತೆಗೇ ಶಿಕ್ಷೆ ಅಮಾನತಿನಲ್ಲಿಡಿ ಅಂತ ಇನ್ನೊಂದು ಅರ್ಜಿ. ಇದು ಬಹಳ ಜನಕ್ಕೆ ಗೊತ್ತಿಲ್ಲ: ಅಪೀಲು ಹಾಕಿದ ಮಾತ್ರಕ್ಕೆ ಜೈಲಿನ ಬಾಗಿಲು ತೆರೆಯಲ್ಲ. ಜಾಮೀನಿನ ಮೇಲೆ ಹೊರಗಿದ್ದು, ಮೂರು ವರ್ಷದೊಳಗಿನ ಶಿಕ್ಷೆಯಾದವನಿಗೆ ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಕೊಡಬಹುದು. ಈ ಹುಡುಗನಿಗೆ ಅದೂ ಇರಲಿಲ್ಲ. ಮೊದಲು ಮೂರು ತಿಂಗಳಿಗೆ ಜಾಮೀನು ಸಿಕ್ಕಿತ್ತು, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಎರಡು ತಾರೀಖು ತಪ್ಪಿಸಿದ್ದ, ವಾರಂಟ್ ಆಗಿ ಮತ್ತೆ ಒಳಗೆ. ತಾರೀಖು ತಪ್ಪಿಸಬೇಡ್ರಪ್ಪಾ ಅಂತ ಈಗ ಕಂಡಕಂಡವರಿಗೆ ಹೇಳ್ತೀನಿ. ಒಳಗಿದ್ದ ಆ ಒಂಬತ್ತು ತಿಂಗಳು ಎರಡು ವರ್ಷದಲ್ಲಿ ಕಳೆಯುತ್ತೆ ಅನ್ನೋದೂ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದಾಗ ಬೆರಳು ಮಡಚಿ ಎಣಿಸಿದಳು, ಎರಡು ಸಲ.

ನವೆಂಬರಿನಲ್ಲಿ ಶಿಕ್ಷೆ ಅಮಾನತಾಯಿತು. ಜಾಮೀನುದಾರರು ಬೇಕು. ಅವಳ ಅಣ್ಣ ಇಪ್ಪತ್ತು ಗುಂಟೆ ಜಮೀನಿನ ಪಹಣಿ ಹಿಡಿದುಕೊಂಡು ಬಂದ, ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದ. ಹುಡುಗ ಹೊರಗೆ ಬಂದ.

ಆಮೇಲೆ ಕಡತ ಒಂದೂವರೆ ವರ್ಷ ಕೂತಿತ್ತು. ಅದನ್ನು ಹೇಳೋಕೆ ಏನಿಲ್ಲ.

2019ರ ಜೂನಿನಲ್ಲಿ ಸೆಷನ್ಸ್ ನ್ಯಾಯಾಧೀಶರು ಶಿಕ್ಷೆ ರದ್ದು ಮಾಡಿದರು. ಆ ತೀರ್ಪನ್ನೂ ಓದಿದೆ. ಮಹಜರು ನಂಬೋಕೆ ಪಂಚರಿಲ್ಲ. ಗಿರವಿ ಅಂಗಡಿಯವನನ್ನಾಗಲಿ ಅವನ ಲೆಕ್ಕದ ಪುಸ್ತಕವನ್ನಾಗಲಿ ಹಾಜರುಪಡಿಸಿಲ್ಲ. ಕಳವಾದ ಮಾಲು ಕಳವಾದ ಕೂಡಲೇ ಯಾರ ಹತ್ತಿರ ಸಿಕ್ಕಿತೋ ಅವನು ಕಳ್ಳ, ಇಲ್ಲವೇ ಕದ್ದ ಮಾಲು ಅಂತ ಗೊತ್ತಿದ್ದೇ ತಗೊಂಡವನು ಅಂತ ಕೋರ್ಟು ಊಹಿಸಬಹುದು. ಆದರೆ ಊರೆಲ್ಲ ಸಿಗುವಂಥ ಒಂದು ದೀಪ ಹತ್ತು ತಿಂಗಳ ಮೇಲೆ ಸಿಕ್ಕರೆ ಆ ಊಹೆಗೆ ಬಲವಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ, ಅದರಿಂದ ಏನಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ. ಇಲ್ಲಿ ಪತ್ತೆಯೇ ಅನುಮಾನ. ಬೀರುವಿನ ಮೇಲೆ ಬೆರಳಚ್ಚು ತೆಗೆದದ್ದಾಗಿ ತನಿಖಾಧಿಕಾರಿಯೇ ಒಪ್ಪಿದ್ದಾರೆ, ವರದಿ ಎಲ್ಲಿ? ಕನ್ನ ಬಿದ್ದದ್ದು ರಾತ್ರಿಯೇ ಅನ್ನೋದಕ್ಕೆ ಏನು ಆಧಾರ? ಪಿ.ಡಬ್ಲ್ಯು. 1 ಅವರು ದೀಪದ ವಿಶೇಷ ಗುರುತನ್ನು ದೂರಿನಲ್ಲೂ ಹೇಳಿಲ್ಲ, ಸಾಕ್ಷ್ಯದಲ್ಲೂ ಹೇಳಿಲ್ಲ, ಅದೇ ಥರದ ಬೇರೆ ದೀಪಗಳ ಜೊತೆ ಇಟ್ಟು ಅವರಿಂದ ಗುರುತಿಸಿಯೂ ಇಲ್ಲ. ಸಂಶಯದ ಲಾಭ ಆರೋಪಿಗೆ.

ನನ್ನ ಮೂರು ಸಾಲು ಅಲ್ಲೂ ಇತ್ತು. ಈ ಸಲ ಅದರ ಸುತ್ತ ಪ್ರಶ್ನೆಗಳಿದ್ದವು.

ಅವನು ಕದ್ದಿಲ್ಲ ಅಂತ ನಾನು ಹೇಳ್ತಿಲ್ಲ. ಕದ್ದಿದ್ದಾನೆ ಅಂತಲೂ ಈಗ ಹೇಳಲಾರೆ. ನಮ್ಮವರು ಇವತ್ತಿಗೂ ಅವನೇ ಅನ್ನುತ್ತಾರೆ. ನಮ್ಮ ಸರ ಸಿಕ್ಕಿಲ್ಲ, ದುಡ್ಡು ಸಿಕ್ಕಿಲ್ಲ, ಮನೆಗೆ ನುಗ್ಗಿದವನು ಎಲ್ಲೋ ಆರಾಮಾಗಿದ್ದಾನೆ ಅಂತ ನನಗೂ ಹೊಟ್ಟೆ ಉರಿಯುತ್ತೆ. ಆ ಬೆರಳಚ್ಚಿನ ವರದಿ ಕೋರ್ಟಿಗೆ ಬಂದಿದ್ದರೆ ಒಂದೋ ಅವನೇ ಅಂತ ಗಟ್ಟಿಯಾಗುತ್ತಿತ್ತು, ಇಲ್ಲ ಬೇರೆಯವನನ್ನು ಹುಡುಕಬೇಕಾಗುತ್ತಿತ್ತು. ಎರಡೂ ಆಗಲಿಲ್ಲ.

ಯಾರಿಗಾದರೂ ಬೇಕಾದೀತು ಅಂತ ಒಂದು ಮಾತು. 2024ರ ಜುಲೈ 1ರಿಂದ ಕಾನೂನುಗಳ ಹೆಸರು, ಕಲಮಿನ ಅಂಕಿ ಬದಲಾಗಿವೆ. ಮನೆಯೊಳಗಿನ ಕಳವು ಈಗ ಭಾರತೀಯ ನ್ಯಾಯ ಸಂಹಿತೆಯ 305, ಕನ್ನ ಹಾಕೋದು 331. ಅಪೀಲು ನಾಗರಿಕ ಸುರಕ್ಷಾ ಸಂಹಿತೆಯ 415, ಪುಕ್ಕಟೆ ನಕಲು 404, ಶಿಕ್ಷೆ ಅಮಾನತು 430. ಮೂವತ್ತು ದಿನ ಮಾತ್ರ ಮೂವತ್ತು ದಿನವೇ. ಕಾನೂನು ನೆರವಿನ ಫೋನ್ ನಂಬರು 15100. ನಾನು ಇದನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ, ಗ್ಯಾಸಿನವನ ನಂಬರಿನ ಕೆಳಗೆ ಬರೆದಿಟ್ಟಿದ್ದೇನೆ.

ದೀಪ ನಮ್ಮ ಹತ್ತಿರವೇ ಉಳಿಯಲಿ ಅಂತ ತೀರ್ಪಿನ ಕೊನೆಯಲ್ಲಿತ್ತು. ಬೇರೆ ಯಾರೂ ಅದು ತಮ್ಮದು ಅಂತ ಬಂದಿರಲಿಲ್ಲ. ದೇವರ ಮುಂದೆ ಹಚ್ಚೋಕೆ ಕೈ ಬರಲಿಲ್ಲ, ಗೋಡೆಯ ಗೂಡಿನಲ್ಲಿಟ್ಟಿದ್ದೆ. ಹೋದ ಶ್ರಾವಣದಲ್ಲಿ ಆ ತಾಯಿ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಬಂದಳು. ಮಗನಿಗೆ ಹೆಣ್ಣು ನೋಡಿದ್ದಾಳಂತೆ. ಹರಿವೆ ಸೊಪ್ಪು ಎರಡು ಕಟ್ಟು ಕೊಟ್ಟು, ದುಡ್ಡು ಸೆರಗಿಗೆ ಕಟ್ಟಿಕೊಂಡು, ಹೋಗದೆ ನಿಂತಳು.

"ಅಮ್ಮಾ, ಆ ದೀಪ ಇದ್ಯಾ? ಒಂದ್ಸಲ ತೋರಿಸ್ತೀರಾ?"

ಐದು ವರ್ಷ ಕೋರ್ಟಿಗೆ ಅಲೆದವಳು ಅದನ್ನು ಒಂದು ಸಲವೂ ನೋಡಿರಲಿಲ್ಲ. ತಂದು ಕೊಟ್ಟೆ. ಒದ್ದೆ ಕೈ ಸೀರೆಗೆ ಒರೆಸಿಕೊಂಡು ತಗೊಂಡಳು. ಹಂಸದ ತಲೆ ಮುಟ್ಟಿದಳು, ತಿರುಗಿಸಿ ಪೀಠದ ಕೆಳಗೆ ನೋಡಿದಳು, ಅಂಗೈಯಲ್ಲಿಟ್ಟು ತೂಗಿದ ಹಾಗೆ ಮಾಡಿದಳು.

"ಇಷ್ಟೇನಾ?" ಅಂದಳು. ದೀಪವನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟು, ಬುಟ್ಟಿ ಎತ್ತಿಸಿ ಅಂತ ನನ್ನನ್ನೇ ಕರೆದಳು.